ತಾಡಪತ್ರಿ ಹೊಲಿಯುವ ಮಷೀನು

ಮುಂಡರಗಿ
೧೧ ಜುಲೈ ೧೯೫೬

ತೀರ್ಥರೂಪ ಅಪ್ಪನವರಿಗೆ ರೇಣುಕಾಳ ನಮಸ್ಕಾರ.

ಮೂರು ವರ್ಷದ ಮೇಲೆ ನನ್ನ ಅಕ್ಷರ ಕಂಡು ಗಾಬರಿಯಾಗಬೇಡಿ. ಇಲ್ಲಿ ಎಲ್ಲರೂ ಆರಾಮ ಇದ್ದೇವೆ. ಬರೆಯುತ್ತಿರುವುದು ಒಂದು ಮಷೀನಿನ ಸಲುವಾಗಿ. ನಿಮ್ಮನ್ನು ಬಿಟ್ಟರೆ ಇದನ್ನು ಕೇಳುವಂಥವರು ನನಗೆ ಯಾರೂ ಇಲ್ಲ.

ಮೊನ್ನೆ ಸೋಮವಾರ ಮನೆಯವರ ಸಂಗಡ ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಚಕ್ಕಡಿಗೆ ಹೊದಿಸಲು ನಾವು ಹೊಲಿದು ಮಾರುವ ತಾಡಪತ್ರಿಗಳ ಅಂಚಿಗೆ, ಹಗ್ಗ ಪೋಣಿಸಲು ಹಾಕುವ ಕಬ್ಬಿಣದ ಬಳೆಗಳು ಅಲ್ಲಿ ಮರ್ದಾನಸಾಬರ ಹಳೇ ಸಾಮಾನಿನ ಗೋದಾಮಿನಲ್ಲಿ ಸಿಗುತ್ತವೆ. ಇವರು ಒಳಗೆ ಬಳೆ ಆರಿಸುತ್ತಿದ್ದರು, ನಾನು ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದೆ. ಮಳೆ ಬಂತು, ನಾನೂ ಒಳಗೆ ಹೋದೆ. ಮುರಿದ ಟಾಂಗಾದ ಹಿಂದೆ, ಗೋಣಿತಟ್ಟಿನ ಕೆಳಗಿನಿಂದ ಒಂದು ಚಕ್ರದ ಅಂಚು ಇಣುಕುತ್ತಿತ್ತು. ತಟ್ಟು ಸರಿಸಿದೆ. ಹೊಲಿಗೆ ಮಷೀನು, ಅಪ್ಪ. ಮನೆಯಲ್ಲಿ ಇಡುವಂಥದ್ದಲ್ಲ. ಅದರ ತೋಳು ಒನಕೆಗಿಂತ ದಪ್ಪ. ಅರಿವೆ ಒತ್ತಿ ಹಿಡಿಯುವ ಪಾದವನ್ನು ಎತ್ತಿ ನೋಡಿದರೆ ಅದರ ಕೆಳಗೆ ನನ್ನ ಬೆರಳು ಸಲೀಸಾಗಿ ಹೋಯಿತು. ಮೈತುಂಬ ಯಾರೋ ಡಾಂಬರಿನಂಥ ಕಪ್ಪು ಬಣ್ಣ ಬಳಿದಿದ್ದಾರೆ. ಅದರ ಮೇಲೆ ಜಂಗು.

“ಮುಟ್ಟಬ್ಯಾಡ ತಂಗೆವ್ವ, ಸೀರಿ ಹೊಲಸಾಗತೈತಿ,” ಅಂದರು ಮರ್ದಾನಸಾಬರು. “ಸಂಸ್ಥಾನದ ಕಾಲದಾಗ ಇದರಾಗ ಡೇರೆ ಹೊಲಿತಿದ್ರು, ಕುದರಿ ಜೀನ ಹೊಲಿತಿದ್ರು. ಸಂಸ್ಥಾನ ಹೋತು, ಇದು ಹರಾಜಿನಾಗ ನನ್ನ ಕೊಳ್ಳಿಗೆ ಬಿತ್ತು. ಎಂಟು ವರ್ಷ ಆತು, ಯಾರೂ ಕೇಳಿಲ್ಲ. ಮುಂದಿನ ತಿಂಗಳ ಕರಗಸಾಕ ಕಳಸವ ಇದ್ದೀನಿ.”

ಕರಗಿಸುವುದು ಎಂಬ ಮಾತು ಕೇಳಿದ್ದೇ ತಡ, “ಚಾಚಾ, ಒಂದು ಹದಿನೈದು ದಿನ ತಡೀರಿ,” ಅಂದೆ. ಇವರು ಬಳೆ ಎಣಿಸುವುದನ್ನು ಬಿಟ್ಟು ನನ್ನ ಮುಖ ನೋಡಿದರು.

ನಮ್ಮ ಅಂಗಡಿಯಲ್ಲಿ ಎಲ್ಲ ಕೈಹೊಲಿಗೆ. ನಾನು, ಕೂಲಿಗೆ ಬರುವ ಹನಮಂತವ್ವ, ಕರೆವ್ವ ಮೂವರೂ ದಬ್ಬಣ ಹಿಡಿದು ಕೂರುತ್ತೇವೆ. ಒಂದು ಚಕ್ಕಡಿಯ ತಾಡಪತ್ರಿ ಮುಗಿಯಲು ಮೂರು ದಿನ. ಅಂಗೈ ಸೀಳಿ ಹೋಗುತ್ತದೆ. ಶೇಂಗಾ ಸುಗ್ಗಿಗೆ ವ್ಯಾಪಾರಿಗಳು ಕೇಳುವಷ್ಟು ಕೊಡಲು ಇನ್ನು ಎಷ್ಟು ಕೈ ಇದ್ದರೂ ಸಾಲುವುದಿಲ್ಲ.

ನೀವು ಗದಗಿನ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷದಿಂದ ಫಿಟರ್. ಇಂಥ ಮಷೀನು ಜೀವ ಹಿಡಿದಿದೆಯೋ ಸತ್ತಿದೆಯೋ ನೋಡುವುದು ಹೇಗೆ? ದಯವಿಟ್ಟು ಬರೆಯಿರಿ. ಅವ್ವನ ಮಷೀನಿನ ವಿಷಯ ಈ ಪತ್ರದಲ್ಲಿ ಎತ್ತುವುದಿಲ್ಲ.

ಇತಿ ನಿಮ್ಮ ಮಗಳು,
ರೇಣುಕವ್ವ

—

ಗದಗ
೧೮ ಜುಲೈ ೧೯೫೬

ಚಿ. ರೇಣುಕಾಳಿಗೆ ಆಶೀರ್ವಾದ.

ಪತ್ರ ಮುಟ್ಟಿತು. ಹಳೇ ಮಷೀನು ನೋಡಿದ ಕೂಡಲೇ ಮರುಳಾಗಬಾರದು. ನಿನ್ನ ಮನೆಯವರಿಗೆ ಹೇಳು, ಮೊದಲು ಮೈ ನೋಡಬೇಕು. ಎಲ್ಲಾದರೂ ಕೂದಲೆಳೆಯಂಥ ಬಿರುಕು ಇದ್ದರೆ ಅಲ್ಲಿಗೇ ಕೈ ಮುಗಿದು ಬರಬೇಕು. ಎರಕದ ಕಬ್ಬಿಣಕ್ಕೆ ಔಷಧವಿಲ್ಲ. ಬಿರುಕು ಕಣ್ಣಿಗೆ ಕಾಣದಿದ್ದರೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೇಳಬೇಕು. ಒಳ್ಳೆಯ ಕಬ್ಬಿಣ ಗಂಟೆಯಂತೆ ನುಡಿಯುತ್ತದೆ, ಒಡೆದದ್ದು ಒಡೆದ ಗಡಿಗೆಯಂತೆ.

ಚಕ್ರ ತಿರುಗದಿದ್ದರೆ ಬಲ ಹಾಕಬಾರದು. ಚಿಮಣಿ ಎಣ್ಣೆ ಎಲ್ಲ ತೂತಿಗೂ ಬಿಡಬೇಕು, ದಿನ ಬಿಟ್ಟು ದಿನ. ತಾನಾಗಿ ಬಿಡುವವರೆಗೆ ಕಾಯಬೇಕು. ಕೆಳಗಿನ ಲಾಳಿ ಮುಖ್ಯ. ನೇಕಾರರ ಲಾಳಿಯ ಹಾಗೆ ಇದಕ್ಕೂ ಒಂದು ಮೂಗು ಇರುತ್ತದೆ. ಉಗುರಿನ ಮೇಲೆ ಎಳೆದರೆ ಗೀರು ಬೀಳುವಷ್ಟು ಚೂಪಿರಬೇಕು. ಲಾಳಿಯೇ ಇಲ್ಲದಿದ್ದರೆ ಆ ಮಷೀನು ಕರಗಿಸುವುದಕ್ಕೇ ಸರಿ.

ಈ ಮಾತುಗಳನ್ನು ಬರೆಯಲು ಮೂರು ಹಾಳೆ ಹಿಡಿಯಿತು. ನಾನು ಮೊದಲು ಒಂದು ಕಾರ್ಡಿನಲ್ಲಿ ಮುಗಿಸಬೇಕೆಂದಿದ್ದೆ.

ನಿನ್ನ ಅಪ್ಪ,
ಅಂದಪ್ಪ

—

ಮುಂಡರಗಿ
೩ ಆಗಸ್ಟ್ ೧೯೫೬

ತೀರ್ಥರೂಪ ಅಪ್ಪನವರಿಗೆ ನಮಸ್ಕಾರ.

ಮಷೀನು ಮನೆಗೆ ಬಂತು. ಈ ಮಾತನ್ನು ಹತ್ತು ದಿನದಿಂದ ಬಂದವರಿಗೆಲ್ಲ ಹೇಳುತ್ತಿದ್ದೇನೆ. ಬರೆಯುವಾಗಲೂ ಮತ್ತೆ ಹೇಳಬೇಕೆನಿಸುತ್ತದೆ. ಮಷೀನು ಮನೆಗೆ ಬಂತು.

ಮೈಯಲ್ಲಿ ಬಿರುಕಿಲ್ಲ. ತಟ್ಟಿದಾಗ ನುಡಿದ ಸದ್ದಿಗೆ ಮರ್ದಾನಸಾಬರೇ ಬೆರಗಾದರು. ಲಾಳಿ ಅದರ ಮನೆಯೊಳಗೇ ಇತ್ತು, ಹಳೇ ಗ್ರೀಸು ಮೆತ್ತಿಕೊಂಡು ಬೆಲ್ಲದ ಉಂಡೆಯ ಹಾಗೆ. ರೊಕ್ಕದ ಬದಲು ಚಕ್ಕಡಿಯ ಎರಡು ತಾಡಪತ್ರಿ ಕೊಟ್ಟು ಮಷೀನು ತಂದೆವು. ಅವರಿಗೂ ನಮಗೂ ಸಮಾಧಾನವಾಯಿತು. ಚಕ್ಕಡಿಯಲ್ಲಿ ಹುಲ್ಲು ಹಾಸಿ ಮಲಗಿಸಿದೆವು. ಶಿರಹಟ್ಟಿ ದಾಟುವವರೆಗೆ ಹಾದಿ ಚೆನ್ನಾಗಿತ್ತು. ಮುಂದೆ ಎರೆ ಭೂಮಿಯಲ್ಲಿ ಗಾಲಿ ಅರ್ಧ ಹುಗಿದು, ಹೊಲದಲ್ಲಿ ಕಳೆ ತೆಗೆಯುತ್ತಿದ್ದವರು ಬಂದು ನೂಕಿದರು. ಅದರಲ್ಲಿದ್ದ ಒಬ್ಬ ಮುದುಕಿ ತಟ್ಟು ಸರಿಸಿ ನೋಡಿ, “ಯವ್ವಾ, ಇದೇನ ಸೊಂಡಿಲಿಲ್ಲದ ಆನಿಮರಿ ತಂದೀರಿ,” ಅಂದಳು. ಎಲ್ಲರೂ ನಕ್ಕರು. ಕಪ್ಪತಗುಡ್ಡದ ಬದಿಯ ಹಾದಿಗೆ ಬರುವಾಗ ಮತ್ತೆ ಮಳೆ ಹಿಡಿಯಿತು. ನಮ್ಮ ತಾಡಪತ್ರಿಯನ್ನು ಅದಕ್ಕೆ ಹೊದಿಸಿ ನಾವಿಬ್ಬರೂ ತೋಯ್ದುಕೊಂಡು ಬಂದೆವು.

ಐದು ದಿನ ಚಿಮಣಿ ಎಣ್ಣೆ ಬಿಟ್ಟ ಮೇಲೆ ನಿನ್ನೆ ಮಧ್ಯಾಹ್ನ ಚಕ್ರಕ್ಕೆ ಕೈ ಇಟ್ಟೆ, ಬಲ ಹಾಕಲಿಲ್ಲ. ಕಟ್ ಎಂದು ಒಂದು ಬೆರಳಷ್ಟು ಸರಿಯಿತು. ಸೂಜಿ ಹಿಡಿಯುವ ಕಡ್ಡಿ ಕೆಳಗೆ ಇಳಿಯಿತು. ಅಂಗಡಿಯಲ್ಲಿದ್ದ ಇವರನ್ನು ಕೂಗಿ ಕರೆದೆ.

ಈಗ ಒಂದು ಮಾತು ನೇರವಾಗಿ ಹೇಳಬೇಕು. ನೀವು ‘ನಿನ್ನ ಮನೆಯವರಿಗೆ ಹೇಳು’ ಎಂದು ಬರೆದಿದ್ದೀರಿ. ಬಿರುಕು ನೋಡಿದ್ದು, ತಟ್ಟಿ ಕೇಳಿದ್ದು, ಮೂವತ್ತೊಂದು ಸ್ಕ್ರೂ ಬಿಚ್ಚಿ ಅರಿವೆಯ ಮೇಲೆ ಸಾಲಾಗಿ ಇಟ್ಟದ್ದು ಅವರಲ್ಲ, ನಾನು. ಅವರು ಒಳ್ಳೆಯ ವ್ಯಾಪಾರಿ. ಸ್ಕ್ರೂಡ್ರೈವರ್ ಹಿಡಿದರೆ ಮೊದಲು ತಮ್ಮ ಬೆರಳಿಗೇ ಚುಚ್ಚಿಕೊಳ್ಳುತ್ತಾರೆ. “ನಿಮ್ಮಪ್ಪನ ಕೈ ನಿನಗ ಬಂದೈತಿ, ನಾ ದೀಪಾ ಹಿಡಿತೀನಿ, ನೀ ಮಾಡು,” ಅಂದಿದ್ದಾರೆ.

ನಮ್ಮ ಹನಮಂತವ್ವ ಮಾತ್ರ ಮಷೀನಿನ ಹತ್ತಿರ ಬರುವುದಿಲ್ಲ. ಮೊನ್ನೆ ದಬ್ಬಣಕ್ಕೆ ದಾರ ಪೋಣಿಸುತ್ತ ಕೇಳಿದಳು: “ಇದು ಹೊಲ್ಯಾಕ ಸುರು ಮಾಡಿದ್ರ ನಾನು, ಕರೆವ್ವ ಎಲ್ಲಿಗೆ ಹೋಗೂದವಾ?” ಹೊಸ ಮಷೀನು ಬಂದಾಗ ನಿಮ್ಮ ಫ್ಯಾಕ್ಟರಿಯಲ್ಲಿ ಹೇಗೆ ಮಾಡುತ್ತಿದ್ದರು?

ಮುಂದಿನ ವಾರ ಪಂಚಮಿ. ತವರಿಗೆ ಹೋಗುವ ಹೆಣ್ಣುಮಕ್ಕಳಿಂದ ಬಸ್ಸುಗಳು ತುಂಬಿ ಹೋಗುತ್ತಿವೆ.

ರೇಣುಕವ್ವ

—

ಗದಗ
೨೭ ಆಗಸ್ಟ್ ೧೯೫೬

ಚಿ. ರೇಣುಕಾಳಿಗೆ ಆಶೀರ್ವಾದ.

ಮಷೀನನ್ನು ಕಾಲಿನಿಂದ ತುಳಿದು ನಡೆಸಲೆಂದು ಲಾರಿಯ ಬುಡ್ಡೇಸಾಬನ ಕೈಯಲ್ಲಿ ಕಳಿಸಿದ ಗಾಲಿ ಮುಟ್ಟಿರಬೇಕು. ಫ್ಯಾಕ್ಟರಿಯಲ್ಲಿ ಬೇಡವೆಂದು ಬಿಸಾಕಿದ ಹಳೇ ಪುಲ್ಲಿ ಅದು, ಮ್ಯಾನೇಜರನ್ನು ಕೇಳಿಯೇ ತಂದೆ. ಅದರ ಜೊತೆ ಪತ್ರ ಇಡಬೇಕೆಂದು ಎರಡು ಸಲ ಕುಳಿತೆ, ಆಗಲಿಲ್ಲ.

ಸ್ಕ್ರೂ ಬಿಚ್ಚಿದ್ದು ನೀನು ಎಂಬುದನ್ನು ಓದಿ ನಾನು ಪತ್ರ ಮಡಚಿ ಇಟ್ಟೆ. ಮೂರು ವಾರ ಇಟ್ಟೇ ಇದ್ದೆ. ಈಗ ನನಗೆ ಗೊತ್ತಿರುವುದನ್ನು ಬರೆಯುತ್ತೇನೆ. ಆಗ ನಿನಗೆ ಹದಿಮೂರು ವರ್ಷ. ದಿನಾ ನನ್ನ ಬುತ್ತಿ ತರುತ್ತಿದ್ದೆ. ಅವತ್ತು ಚೀಲ ಹೊಲಿಯುವ ಮಷೀನು ನಿಂತಿತ್ತು, ಇಬ್ಬರು ಮಿಸ್ತ್ರಿಗಳು ಅರ್ಧ ದಿನ ತಲೆ ಕೆಡಿಸಿಕೊಂಡಿದ್ದರು. ನೀನು ಬುತ್ತಿ ಕೆಳಗಿಟ್ಟು, “ಅಪ್ಪಾ, ಲಾಳಿ ತಡಾ ಬರಾಕತ್ತೈತಿ,” ಅಂದೆ. ಬಿಚ್ಚಿ ನೋಡಿದರೆ ಹಾಗೇ ಇತ್ತು. ಮಿಸ್ತ್ರಿಗಳು ನಕ್ಕರು. ಸಂಜೆಗೆ ಓಣಿಯೆಲ್ಲ ಸುದ್ದಿ. ಮರುದಿನ ನಾನು, ನಾಳೆಯಿಂದ ಬುತ್ತಿ ತರಬೇಡ ಅಂದೆ. ಮಿಸ್ತ್ರಿಗಳ ನಗು ಕೇಳಿ ಹೆದರಿದ್ದು ನಾನು. ಶಿಕ್ಷೆಯಾದದ್ದು ನಿನಗೆ.

ಮೂರು ವರ್ಷದ ಹಿಂದೆ ನಿನ್ನವ್ವ ಹೋದ ಮೇಲೆ ಅವಳ ಹೊಲಿಗೆ ಮಷೀನನ್ನು ನನ್ನ ತಮ್ಮನ ಮಗ ಗಾಳೆಪ್ಪನಿಗೆ ಕೊಟ್ಟದ್ದೂ ಹಾಗೇ. ಗಂಡು ಹುಡುಗ, ಹೊಟ್ಟೆಪಾಡಿಗೆ ಆಗುತ್ತದೆ ಎಂದುಕೊಂಡೆ. ಅವನು ಬೆಟಗೇರಿಯಲ್ಲಿ ಟೇಲರ್ ಆಗಿ ಚೆನ್ನಾಗಿದ್ದಾನೆ, ಅದರಲ್ಲಿ ತಪ್ಪಿಲ್ಲ. ಆದರೆ ಕೊಡುವ ಮೊದಲು ನಿನ್ನನ್ನು ಕೇಳಬೇಕಿತ್ತು. ಕೇಳಲಿಲ್ಲ.

ಸಾಕು. ಕೆಲಸಕ್ಕೆ ಬಾ. ಹುಬ್ಬಳ್ಳಿಯಿಂದ ತರಿಸಿದ ಮೂರು ಸೂಜಿ ಇದರೊಳಗೆ ಇವೆ. ಈ ಅಳತೆಯವು ಮತ್ತೆ ಸಿಗುವುದು ಕಷ್ಟ, ಜೋಪಾನ. ಚಕ್ರವನ್ನು ನಿನ್ನ ಕಡೆಗೆ ತಿರುಗಿಸುತ್ತ ಸೂಜಿಯನ್ನು ಪೂರ್ತಿ ಕೆಳಗಿಳಿಸು. ಅಲ್ಲಿಂದ ಅದು ಒಂದು ಗೋಧಿ ಕಾಳಿನ ದಪ್ಪದಷ್ಟು ಮೇಲೆದ್ದಾಗ ದಾರ ಸಣ್ಣ ಕುಣಿಕೆಯಾಗುತ್ತದೆ. ಅದೇ ಗಳಿಗೆಗೆ ಲಾಳಿಯ ಮೂಗು ಆ ಕುಣಿಕೆಯೊಳಗೆ ಹೊಗಬೇಕು. ಅಷ್ಟೇ ಹೊಲಿಗೆ. ಉಳಿದದ್ದೆಲ್ಲ ಕಬ್ಬಿಣ.

ಹನಮಂತವ್ವನಿಗೆ ಹೇಳು, ಒಂದು ದೊಡ್ಡ ತಾಡಪತ್ರಿ ಹೊಲಿಯುವಾಗ ಮಷೀನಿನ ಮುಂದೆ ಒಬ್ಬರು, ಹಿಂದೆ ಎಳೆಯುವವರು ಇಬ್ಬರು ಬೇಕು. ಅಂಚಿಗೆ ಹಗ್ಗ, ಬಳೆ ಕೂಡಿಸುವುದು ಕೈಯಿಂದಲೇ. ಫ್ಯಾಕ್ಟರಿಯಲ್ಲಿ ಹೇಗೆ ಮಾಡುತ್ತಿದ್ದರು ಎಂದು ಕೇಳಿದ್ದೀ. ಅಲ್ಲಿ ಮೂವರನ್ನು ಮನೆಗೆ ಕಳಿಸಿದರು. ನೀನು ಹಾಗೆ ಮಾಡಬೇಡ.

ಅಂದಪ್ಪ

—

ಮುಂಡರಗಿ
೧೪ ಸೆಪ್ಟೆಂಬರ್ ೧೯೫೬

ಅಪ್ಪನವರಿಗೆ ನಮಸ್ಕಾರ.

ನಿಮ್ಮ ಪತ್ರ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಆ ವಿಷಯಕ್ಕೆ ಉತ್ತರ ಇಲ್ಲಿ ಬರೆಯಲಾರೆ, ಎದುರಿಗೆ ಸಿಕ್ಕಾಗ ಹೇಳುತ್ತೇನೆ. ಪತ್ರದ ಸಾಲುಗಳು ಮಾತ್ರ ಒಂದರ ಮೇಲೊಂದು ಹತ್ತಿದ್ದವು. ಬಸ್ಸಿನಲ್ಲಿ ಕುಳಿತು ಬರೆದಿರೇನು?

ಗಾಲಿ ಬಂತು. ನಮ್ಮ ಬಡಗಿ ಜಾಲಿ ಕಟ್ಟಿಗೆಯಲ್ಲಿ ನಾಲ್ಕು ಕಾಲಿನ ಮೇಜು ಮಾಡಿ, ಕೆಳಗೆ ತುಳಿಯುವ ಹಲಗೆ ಕೂಡಿಸಿ, ನಿಮ್ಮ ಗಾಲಿಯನ್ನು ಅದಕ್ಕೆ ಹೊಂದಿಸಿದ. ಎತ್ತಿನ ಕೊರಳಪಟ್ಟಿ ಮಾಡುವವರ ಹತ್ತಿರ ಚರ್ಮದ ಪಟ್ಟಾ ಕೊಯ್ಯಿಸಿದೆವು. ತುಳಿದರೆ ನೆಲ ಸಣ್ಣಗೆ ನಡುಗುತ್ತದೆ. ಆ ಸದ್ದು ಕೇಳಿ ಬೀದಿಯಲ್ಲಿ ಹೋಗುವವರು ನಿಲ್ಲುತ್ತಾರೆ. ಹನಮಂತವ್ವ ಕೂಡ ಬಾಗಿಲವರೆಗೆ ಬಂದಿದ್ದಾಳೆ. ಯಾರನ್ನೂ ಮನೆಗೆ ಕಳಿಸುವುದಿಲ್ಲ ಎಂದು ಅವಳ ಕೈ ಹಿಡಿದು ಹೇಳಿದ್ದೇನೆ. ನಂಬಿದಳೋ ಇಲ್ಲವೋ ತಿಳಿಯದು.

ಆದರೆ ಹೊಲಿಗೆ ಬೀಳುತ್ತಿಲ್ಲ, ಅಪ್ಪ. ನೀವು ಬರೆದ ಹಾಗೇ ಚಕ್ರವನ್ನು ನನ್ನ ಕಡೆಗೆ ತಿರುಗಿಸಿ, ಗೋಧಿ ಕಾಳು ಇಟ್ಟು ಅಳೆದು ಸೂಜಿ ಕೂಡಿಸಿದೆ. ಲಾಳಿ ಕುಣಿಕೆಯ ಪಕ್ಕದಲ್ಲೇ ಹಾದು ಹೋಗುತ್ತದೆ, ಒಳಗೆ ಹೊಗುವುದಿಲ್ಲ. ಕೆಳಗೆ ದಾರದ ಗೂಡು ಕಟ್ಟುತ್ತದೆ. ಎಂಟು ದಿನವಾಯಿತು. ಎರಡು ಸೂಜಿ ಮುರಿದವು. ಈಗ ಉಳಿದಿರುವುದು ಒಂದೇ.

ಇದರ ನಡುವೆ ಇನ್ನೊಂದು ಸುದ್ದಿ. ನವೆಂಬರ್ ಒಂದಕ್ಕೆ ನಮ್ಮ ನಾಡೆಲ್ಲ ಒಂದಾಗುತ್ತದಲ್ಲ, ಊರಿನ ಹಿರಿಯರು ಪೇಟೆಯ ಬಯಲಿನಲ್ಲಿ ದೊಡ್ಡ ಸಭೆ ಇಟ್ಟಿದ್ದಾರೆ. ಅರವತ್ತು ಅಡಿ ಉದ್ದ, ನಲವತ್ತು ಅಡಿ ಅಗಲದ ಚಪ್ಪರ ಬೇಕಂತೆ. ಬಾಡಿಗೆಯದು ಬೇಡ, ಊರಿಗೇ ಒಂದು ಇರಲಿ ಎನ್ನುತ್ತಾರೆ. ನಮ್ಮವರು ಒಪ್ಪಿಕೊಂಡು ಬಂದುಬಿಟ್ಟರು. “ಮಷೀನು ಐತಲ್ಲ,” ಅಂದರು. ಕೈಯಲ್ಲಿ ಹೊಲಿದರೆ ಸಂಕ್ರಾಂತಿಗೂ ಮುಗಿಯುವುದಿಲ್ಲ.

ಒಂದೇ ಒಂದು ದಿನ ಬಂದು ಹೋಗಿ ಅಪ್ಪ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಹೊಳ್ಳಿ ಹೋಗಬಹುದು.

ರೇಣುಕವ್ವ

—

ಬೆಟಗೇರಿ
೨೧ ಸೆಪ್ಟೆಂಬರ್ ೧೯೫೬

ಚಿ. ರೇಣುಕಾಳಿಗೆ ಆಶೀರ್ವಾದ.

ಕೈಗೆ ಸ್ವಲ್ಪ ನೋವು, ಅದಕ್ಕೆ ಗಾಳೆಪ್ಪನಿಂದ ಬರೆಸುತ್ತಿದ್ದೇನೆ. ಫ್ಯಾಕ್ಟರಿಯಲ್ಲಿ ಕೆಲಸ ಬಹಳ ಇದೆ, ಬರಲು ಆಗುವುದಿಲ್ಲ. ಸೂಜಿಯ ಚಪ್ಪಟೆ ಬದಿ ಲಾಳಿಯ ಕಡೆಗೇ ಇದೆಯೇ ನೋಡು. ಸೂಜಿ ಕಡ್ಡಿಯನ್ನು ಯಾರಾದರೂ ಮೇಲೆ ಸರಿಸಿರಬಹುದು, ಅದನ್ನೂ ನೋಡು. ಕೊನೆಯ ಸೂಜಿಯನ್ನು ಈಗಲೇ ಹಾಕಬೇಡ. ಮುರಿದ ಸೂಜಿಯನ್ನೇ ಇಟ್ಟು ಅಳತೆ ಮಾಡು. ಮಷೀನು ಸುಳ್ಳು ಹೇಳುವುದಿಲ್ಲ, ನಾವು ಕೇಳುವುದರಲ್ಲಿ ತಪ್ಪಿರುತ್ತದೆ.

ಅಂದಪ್ಪ

ಅಕ್ಕಗ ನಮಸ್ಕಾರ. ಮೇಲಿನದನ್ನು ದೊಡ್ಡಪ್ಪಗೆ ಓದಿ ಹೇಳಿದೆ. ಇದನ್ನು ಓದಿ ಹೇಳುವುದಿಲ್ಲ. ಅವರ ಕೈಗೆ ಏನೂ ಆಗಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಯುಗಾದಿಯಿಂದ ಕೆಲಸ ಬಿಟ್ಟು ನಮ್ಮ ಮನೆಯಲ್ಲೇ ಇದ್ದಾರೆ. ನಿನಗೆ ಪತ್ರ ಬರೆಯುವಾಗ ಬಾಗಿಲ ಬಿಸಿಲಿಗೆ ಹೋಗಿ ಕಾಗದವನ್ನು ಮೂಗಿಗೆ ಹಚ್ಚಿ ಬರೆಯುತ್ತಿದ್ದರು, ಈಗ ಅದೂ ಆಗುವುದಿಲ್ಲ. ನಿನ್ನ ಗಾಲಿಗಾಗಿ ನನ್ನ ಹೆಗಲು ಹಿಡಿದುಕೊಂಡು ಫ್ಯಾಕ್ಟರಿಗೆ ಹೋಗಿದ್ದರು. “ಬಂದು ಏನ್ ಮಾಡ್ಲಿ, ಕಾಣಲಾರದ ಫಿಟರನ್ನ ಕಂಡ್ರ ಆಕಿ ಧೈರ್ಯಾ ಹೋಗತೈತಿ,” ಅನ್ನುತ್ತಾರೆ. ಹುಬ್ಬಳ್ಳಿ ದವಾಖಾನೆಯ ಡಾಕ್ಟರು ಡಿಸೆಂಬರಿನಲ್ಲಿ ಪೊರೆ ತೆಗೆಯುತ್ತೇವೆ ಅಂದಿದ್ದಾರೆ. ನಾನು ಹೇಳಿದೆ ಎಂದು ಬರೆಯಬೇಡ.

ಗಾಳೆಪ್ಪ

—

ಮುಂಡರಗಿ
೫ ಅಕ್ಟೋಬರ್ ೧೯೫೬

ಅಪ್ಪನವರಿಗೆ ನಮಸ್ಕಾರ.

ಇದರ ಜೊತೆ ಒಂದು ಗೇಣು ತಾಡಪತ್ರಿಯ ತುಂಡು ಇದೆ. ಪತ್ರ ಓದಿಸುವ ಮೊದಲು ಅದನ್ನು ಕೈಗೆ ತೆಗೆದುಕೊಳ್ಳಿ. ನಡುವೆ ಎರಡು ಸಾಲು ಹೊಲಿಗೆ ಇದೆ, ಬೆರಳಿನಿಂದ ಸವರಿ ನೋಡಿ. ಕಣ್ಣಿಗಿಂತ ಬೆರಳೇ ಹೊಲಿಗೆಯನ್ನು ಚೆನ್ನಾಗಿ ಓದುತ್ತದೆ ಎಂದು ನನಗೆ ಈಗ ಗೊತ್ತಾಗಿದೆ.

ಸಿಕ್ಕಿತು ಅಪ್ಪ, ತಪ್ಪು ಸಿಕ್ಕಿತು. ಚಪ್ಪಟೆ ಬದಿ ಸರಿ ಇತ್ತು, ಕಡ್ಡಿಯೂ ಸರಿ ಇತ್ತು. ಕಳೆದ ಭಾನುವಾರ ಬೇರೆ ಏನೂ ತೋಚದೆ, ಕೈ ಸುಮ್ಮನಿರಲಾರದೆ, ಆ ಡಾಂಬರಿನ ಬಣ್ಣ ಕೆರೆಯುತ್ತ ಕುಳಿತೆ. ಹನಮಂತವ್ವ ಬಂದು ಎದುರಿಗೆ ಕುಳಿತಳು. ಅವಳೂ ಒಂದು ಹಳೇ ದಬ್ಬಣದಿಂದ ಕೆರೆಯತೊಡಗಿದಳು. ಚಕ್ರದ ಹತ್ತಿರ ತೋಳಿನ ಮೇಲೆ ಅವಳ ದಬ್ಬಣ ಒಂದು ಗುಣಿಯಲ್ಲಿ ಸಿಕ್ಕಿತು.

“ಇಲ್ಲೊಂದು ಬಾಣದಂಗ ಕೊರದಾರ ನೋಡವಾ,” ಅಂದಳು.

ಬಾಣವೇ. ಹಿತ್ತಾಳೆಯ ಸಣ್ಣ ಬಿಲ್ಲೆಯ ಮೇಲೆ ಕೊರೆದದ್ದು. ಅದರ ತುದಿ ನನ್ನ ಕಡೆಗೆ ಇರಲಿಲ್ಲ, ಆಚೆ ಕಡೆಗೆ ಇತ್ತು. ಈ ಮಷೀನಿನ ಚಕ್ರ ನಮ್ಮ ಕಡೆಗೆ ತಿರುಗುವಂಥದ್ದಲ್ಲ, ನಮ್ಮಿಂದ ಆಚೆಗೆ ತಿರುಗುವಂಥದ್ದು. ಮೂರು ವಾರ ನಾನು ಅದನ್ನು ಹಿಂದು ಮುಂದಾಗಿ ನಡೆಸಲು ನೋಡಿದ್ದೆ.

ಮುರಿದ ಸೂಜಿ ಇಟ್ಟು ಚಕ್ರವನ್ನು ಆಚೆಗೆ ತಿರುಗಿಸಿ, ಮತ್ತೆ ಅಳೆದು, ಕಡ್ಡಿಯನ್ನು ಮತ್ತೆ ಕೂಡಿಸಿದೆ. ಆಮೇಲೆ ಕೊನೆಯ ಸೂಜಿ ಹಾಕಿದೆ. ಇವರು ಅಂಗಡಿಯ ಗಿರಾಕಿಯನ್ನು ಬಿಟ್ಟು ಒಳಗೆ ಬಂದು ನಿಂತರು. ಕರೆವ್ವ ದೇವರಿಗೆ ಕೈ ಮುಗಿದಳು. ಚಕ್ರಕ್ಕೆ ಆಚೆ ಕಡೆ ಒಂದು ನೂಕು ಕೊಟ್ಟು ಮೆಲ್ಲಗೆ ತುಳಿದೆ. ಠಕ್, ಠಕ್, ಠಕ್. ನಾಲ್ಕು ಪದರ ತಾಡಪತ್ರಿ. ಹಿಂದಿನಿಂದ ಎಳೆದು ನೋಡಿದರೆ ಗೆರೆ ಹೊಡೆದಂತೆ ಹೊಲಿಗೆ.

ಹನಮಂತವ್ವ ತುಂಡನ್ನು ಕಸಿದುಕೊಂಡು ಎರಡೂ ಕೈಯಿಂದ ಜಗ್ಗಿದಳು, ಕಾಲಿನಿಂದ ಮೆಟ್ಟಿ ಜಗ್ಗಿದಳು. ಹೊಲಿಗೆ ಬಿಡಲಿಲ್ಲ. ಆಮೇಲೆ ಸೆರಗು ಬಾಯಿಗಿಟ್ಟು ನಗತೊಡಗಿದಳು. “ಬಾಣಾ ನಾ ಹುಡುಕೀನಿ, ಮರೀಬ್ಯಾಡ್ರಿ ಮತ್ತ,” ಅಂದಳು.

ಚಪ್ಪರಕ್ಕೆ ಇನ್ನು ಇಪ್ಪತ್ತಾರು ದಿನ. ಇವತ್ತಿನಿಂದಲೇ ಸುರು. ತುಂಡಿನ ಬಗ್ಗೆ ಏನಾದರೂ ತಪ್ಪಿದ್ದರೆ ಹೇಳಿ.

ರೇಣುಕವ್ವ

—

ಬೆಟಗೇರಿ
೧೧ ಅಕ್ಟೋಬರ್ ೧೯೫೬

ಚಿ. ರೇಣುಕಾಳಿಗೆ ಆಶೀರ್ವಾದ.

ತುಂಡು ಕೈಗೆ ಬಂತು. ಮೇಲಿನ ಹೊಲಿಗೆ ಚೆನ್ನಾಗಿದೆ. ಅಡಿಯಲ್ಲಿ ಪ್ರತಿ ಹೊಲಿಗೆಗೂ ಸಣ್ಣ ಗಂಟು ಬೆರಳಿಗೆ ಸಿಗುತ್ತದೆ. ಮೇಲಿನ ದಾರ ಸಡಿಲ ಇದೆ. ಅದರ ಬಿಗಿ ಸ್ಕ್ರೂವನ್ನು ಅರ್ಧ ಸುತ್ತು ಬಿಗಿ ಮಾಡು. ಗಂಟು ಪದರಗಳ ನಡುವೆ ಅಡಗಬೇಕು. ಇಲ್ಲದಿದ್ದರೆ ಮಳೆ ನೀರು ಅಲ್ಲಿಂದಲೇ ಒಳಗೆ ಬರುತ್ತದೆ.

ಬಾಣದ ವಿಷಯ ಗಾಳೆಪ್ಪ ಓದಿದಾಗ, ಮತ್ತೊಂದು ಸಲ ಓದು ಅಂದೆ. ಮೂವತ್ತು ವರ್ಷ ನಾನು ಮುಟ್ಟಿದ ಮಷೀನುಗಳೆಲ್ಲ ನಮ್ಮ ಕಡೆಗೆ ತಿರುಗುವಂಥವೇ. ಹಾಗಾಗಿ ಜಗತ್ತಿನಲ್ಲಿರುವವೆಲ್ಲ ಹಾಗೇ ಎಂದುಕೊಂಡಿದ್ದೆ. ನಿನ್ನ ಮೂರು ವಾರ, ಎರಡು ಸೂಜಿ ನನ್ನಿಂದಾಗಿ ಹೋದವು. ಹೊಸ ನಾಲ್ಕು ಸೂಜಿ ಇದರೊಳಗೆ ಇವೆ, ಗಾಳೆಪ್ಪ ತಾನೇ ಹುಬ್ಬಳ್ಳಿಗೆ ಹೋಗಿ ತಂದ. ನಿನ್ನೆ ಫ್ಯಾಕ್ಟರಿಯ ಇಬ್ಬರು ಹಳೇ ಮಿಸ್ತ್ರಿಗಳು ಮಾತಾಡಿಸಲು ಬಂದಿದ್ದರು. ತುಂಡನ್ನು ಅವರ ಕೈಗೆ ಕೊಟ್ಟು, “ಇದು ನನ್ನ ಮಗಳು ಕೂಡಿಸಿದ ಮಷೀನು,” ಅಂದೆ. ಅವರು ನಗಲಿಲ್ಲ. ಯಾವ ಮಷೀನು, ಎಷ್ಟು ಪದರ ಎಂದು ಕೇಳಿದರು.

ಸವರಿ ನೋಡಿ ಎಂದು ಬರೆದದ್ದು ಯಾಕೆಂದು ನನಗೆ ತಿಳಿಯಿತು. ಗಾಳೆಪ್ಪನನ್ನು ಬೈದಿಲ್ಲ.

ಅಂದಪ್ಪ

—

ಮುಂಡರಗಿ
೨೦ ಅಕ್ಟೋಬರ್ ೧೯೫೬

ಅಪ್ಪನವರಿಗೆ ನಮಸ್ಕಾರ.

ಅರ್ಧ ಸುತ್ತಿಗೆ ಸರಿಯಾಯಿತು. ಈಗ ಅಡಿಯಲ್ಲಿ ಕೈಯಾಡಿಸಿದರೆ ಏನೂ ಸಿಗುವುದಿಲ್ಲ.

ದಸರೆಯ ಖಂಡೆ ಪೂಜೆಯ ದಿನ ಮಷೀನಿಗೆ ಚೆಂಡುಹೂವಿನ ಮಾಲೆ ಹಾಕಿ, ಎಡೆ ಹಿಡಿದು, ಒಂದು ದಿನ ಅದಕ್ಕೆ ಬಿಡುವು ಕೊಟ್ಟೆವು. ಉಳಿದ ದಿನವೆಲ್ಲ ಬೆಳಕು ಹರಿದಾಗಿನಿಂದ ದೀಪ ಹಚ್ಚುವವರೆಗೆ ಕೆಲಸ. ನಾನು ತುಳಿಯುತ್ತೇನೆ, ಹನಮಂತವ್ವ, ಕರೆವ್ವ ಹಿಂದಿನಿಂದ ಎಳೆಯುತ್ತಾರೆ. ಅಂಚಿನ ಹಗ್ಗಕ್ಕೆ ಇನ್ನೂ ನಾಲ್ವರು ಹೆಣ್ಣುಮಕ್ಕಳನ್ನು ಕರೆದಿದ್ದೇವೆ. ಅರಿವೆ ಅಂಗಡಿ ತುಂಬಿ, ಪಡಸಾಲೆ ತುಂಬಿ, ಈಗ ಬೀದಿಗೆ ಇಳಿದಿದೆ. ನಿನ್ನೆ ಹನಮಂತವ್ವ, “ಒಂದೀಟು ಸರಿ, ನಾನೂ ತುಳದು ನೋಡ್ತೀನಿ,” ಅಂದಳು. ಮೊದಲ ಸಾಲು ಹಾವಿನ ಹಾಗೆ ಹೋಯಿತು. ಐದನೆಯದು ನೆಟ್ಟಗೆ.

ಒಂದು ತೊಂದರೆ ಇದೆ. ಎರಡು ದಿನದಿಂದ ಜೋರಾಗಿ ತುಳಿದಾಗ ಒಳಗೆ ಚಿಟ್ ಎಂದು ಒಂದು ಸದ್ದು ಬರುತ್ತದೆ. ನೋಡಿದರೆ ಏನೂ ಕಾಣುವುದಿಲ್ಲ. ಇದು ಕಣ್ಣಿಗೆ ಸಿಗುವ ತಪ್ಪಲ್ಲ ಅಪ್ಪ, ಕಿವಿಗೆ ಸಿಗುವಂಥದ್ದು. ನನಗೆ ನಿಮ್ಮ ಕಿವಿ ಬೇಕು. ಇದು ಕರೆಯಲು ಹೂಡಿದ ನೆಪ ಎಂದುಕೊಂಡರೂ ಅಡ್ಡಿಯಿಲ್ಲ, ಆದರೆ ಸದ್ದು ಖರೆ ಇದೆ. ಬುಧವಾರ ಬೆಳಗಿನ ಬಸ್ಸಿಗೆ ನಾನೇ ಬೆಟಗೇರಿಗೆ ಬರುತ್ತೇನೆ. ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಹೊರಡೋಣ. ಇಲ್ಲ ಎಂದು ಬರೆದರೆ ಆ ಪತ್ರ ನಾನು ಹೊರಟ ಮೇಲೆ ಮುಟ್ಟುತ್ತದೆ.

ರೇಣುಕವ್ವ

—

ಮುಂಡರಗಿ
೩ ನವೆಂಬರ್ ೧೯೫೬

ಚಿ. ಗಾಳೆಪ್ಪನಿಗೆ ದೊಡ್ಡಪ್ಪನ ಆಶೀರ್ವಾದ.

ನಾನು ಹೇಳುತ್ತಿದ್ದೇನೆ, ರೇಣುಕಾ ಬರೆಯುತ್ತಿದ್ದಾಳೆ.

ಬಂದ ದಿನವೇ ಆ ಸದ್ದನ್ನು ಕೇಳಿದೆ. ಮಷೀನಿನ ಮೈ ಮೇಲೆ ಅಂಗೈ ಇಟ್ಟು, ತುಳಿ ಅಂದೆ. ಸದ್ದು ಮಷೀನಿನದ್ದಲ್ಲ. ನಾನು ಕಳಿಸಿದ ಗಾಲಿಯ ಬೆಣೆ ಸಡಿಲಾಗಿತ್ತು. ಬಡಗಿ ಎರಡು ಏಟು ಹೊಡೆದ, ನಿಂತುಹೋಯಿತು. ಆಮೇಲೆ ಆರು ದಿನ ಮಷೀನಿನ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಕುಳಿತೆ. ಅಳಿಯ ಯಮನೂರಪ್ಪ ಚಹಾ ತಂದು ಕೊಡುವುದು, ನಾನು ಎಣ್ಣೆ ಯಾವಾಗ ಬಿಡಬೇಕೆಂದು ಹೇಳುವುದು. ಮೂವತ್ತೊಂದನೆಯ ತಾರೀಖು ಮಧ್ಯಾಹ್ನ ಕೊನೆಯ ಅಂಚು ಮುಗಿಯಿತು. ಹದಿನಾಲ್ಕು ಜನ ಹೊತ್ತು ಪೇಟೆಯ ಬಯಲಿಗೆ ಒಯ್ದರು.

ಮೊನ್ನೆ ಸಭೆಗೆ ಬಂದ ಜನರನ್ನು ನಾನು ಕಾಣಲಿಲ್ಲ, ಆದರೆ ಕೇಳಿದೆ. ಗದಗಿನ ಕಡೆಯವರು, ಶಿರಹಟ್ಟಿಯವರು, ಹೊಳೆಯಾಚೆ ಬಳ್ಳಾರಿ ಸೀಮೆಯವರು, ಕೊಪ್ಪಳದ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಬಂದವರು. ಹಿಂದಿನ ದಿನದವರೆಗೆ ಇವರೆಲ್ಲ ಮೂರು ರಾಜ್ಯದವರು. ಭಾಷಣ ನಡೆದಿರುವಾಗ ಇದ್ದಕ್ಕಿದ್ದಂತೆ ಮಳೆ ಸುರಿಯಿತು. ಜನ ಎದ್ದರು, ಆಮೇಲೆ ಮತ್ತೆ ಕುಳಿತರು. ರೇಣುಕಾ ನನ್ನ ಕೈ ಹಿಡಿದು, ಚಪ್ಪರ ಕೈಗೆಟುಕುವಷ್ಟು ತಗ್ಗಿದ್ದ ಕಡೆ ಹೊಲಿಗೆಯ ಸಾಲಿನ ಕೆಳಗೆ ನಿಲ್ಲಿಸಿದಳು. ಕೈ ಎತ್ತಿ ಹೊಲಿಗೆಗೆ ಹಚ್ಚಿದೆ. ಮೇಲೆ ಮಳೆ ತಮಟೆ ಬಾರಿಸುತ್ತಿತ್ತು. ಅರ್ಧ ತಾಸು ಹಾಗೇ ನಿಂತೆ. ಅಂಗೈ ಒಣಗಿಯೇ ಇತ್ತು.

ಮಳೆ ನಿಂತ ಮೇಲೆ ಕೊಪ್ಪಳದ ಒಬ್ಬ ಗಿರಣಿ ಸಾಹುಕಾರ ಹುಡುಕಿಕೊಂಡು ಬಂದ.

“ಯಜಮಾನ್ರ, ನೀವು ಗದಗಿನ ಫಿಟರ್ ಅಂತ ಕೇಳೀನಿ. ನಮ್ಮ ಗಿರಣ್ಯಾಗ ಚೀಲಾ ಹೊಲಿಯೋ ಮಷೀನು ಎರಡು ವರ್ಷದಿಂದ ಬಿದ್ದೈತಿ. ಬಂದು ನೋಡ್ತೀರೇನು?” ಅಂದ.

“ಈ ಮಷೀನು ಕೂಡಿಸಿದಾಕಿ ನನ್ನ ಮಗಳ್ರಿ. ಆಕಿನ್ನ ಕೇಳ್ರಿ,” ಅಂದೆ.

ಅವನು “ಹೆಣ್ಣಮಗಳು, ಗಿರಣಿಗೆ ಬಂದು…” ಎಂದು ತಡವರಿಸಿದ. ಹಿಂದಿನಿಂದ ಹನಮಂತವ್ವ, “ಯಾಕ್ರಿ ಸಾಹುಕಾರ್ರ, ನಿಮ್ಮ ಮಷೀನು ಗಂಡಸರ ಕೈಗಷ್ಟ ತಿರಗತೈತೇನು?” ಅಂದಳು. ಸುತ್ತಲಿನವರೆಲ್ಲ ನಕ್ಕರು. ಕಡೆಗೆ ಅವನೂ ನಕ್ಕ. ಸೋಮವಾರ ಬರ್ರಿ ಅಂದ.

ಪತ್ರ ಇಲ್ಲಿಗೆ ಬಂದಾಗ ರೇಣುಕಾ ಬರೆಯುವುದನ್ನು ನಿಲ್ಲಿಸಿ ಕುಳಿತಳು. ಬರೆ ಎಂದು ಎರಡು ಸಲ ಹೇಳಿದ ಮೇಲೆ ಮುಂದೆ ಬರೆಯುತ್ತಿದ್ದಾಳೆ.

ಸೋಮವಾರದ ಮೊದಲ ಬಸ್ಸಿಗೆ ಕೊಪ್ಪಳಕ್ಕೆ ಹೊರಡುತ್ತೇವೆ. ದವಾಖಾನೆಗೆ ಡಿಸೆಂಬರಿನಲ್ಲಿ ಇಲ್ಲಿಂದಲೇ ಹೋಗುತ್ತೇನೆ. ನನ್ನ ಹಳೇ ಸ್ಪ್ಯಾನರುಗಳ ಚೀಲ ನಿಮ್ಮ ಮನೆಯ ಅಟ್ಟದ ಮೇಲಿದೆ. ಈ ಪತ್ರ ಬುಡ್ಡೇಸಾಬನ ಲಾರಿಯಲ್ಲಿ ಇವತ್ತೇ ನಿನಗೆ ಮುಟ್ಟುತ್ತದೆ, ಚೀಲವನ್ನು ನಾಳೆಯ ಬಸ್ಸಿಗೆ ತಪ್ಪದೆ ಕಳಿಸು. ಚೀಲ ನಾನು ಹೊರುತ್ತೇನೆ, ಅದಕ್ಕೆ ಕಣ್ಣು ಬೇಕಾಗಿಲ್ಲ.

ಹೇಳಿದವನು,
ಅಂದಪ್ಪ

ಬರೆದವಳು,
ರೇಣುಕವ್ವ, ಫಿಟರ್, ಮುಂಡರಗಿ
(ಹೀಗೇ ಬರೆಯಬೇಕೆಂದು ಅಪ್ಪ ಹಟ ಹಿಡಿದು ಕುಳಿತಿದ್ದಾರೆ)